ಅರಸನ ದನಬಾಕರು

ಅರಮನೆಯ ಕೆಂಪಂಗಿ ಕಾವಲುಗಾರರನ್ನು ಲಂಡನ್ನಿನ ಜನ ‘ಬೀಫ್‌ಈಟರ್’ ಎಂದು ಕರೆಯತೊಡಗಿ ಆಗಲೇ ಬಹಳ ಕಾಲವಾಗಿತ್ತು. ದನಬಾಕರು ಅಂತ. ಮೊದಲು ಅಂದವರು ಯಾರೋ ಯಾರಿಗೂ ಗೊತ್ತಿಲ್ಲ. ಅರಸನ ಊಟದ ರುಚಿ ನೋಡುತ್ತಿದ್ದುದರಿಂದ ಬಂದ ಹೆಸರು ಎಂದು ಕೆಲವರು, ದಿನಾ ಮಾಂಸದ ಪಡಿ ಸಿಗುವುದರಿಂದ ಎಂದು ಕೆಲವರು. ಕಾವಲುಗಾರ ಆಂಬ್ರೋಸ್ ಟಿಲ್ಕಾಟ್‌ಗಂತೂ ಆ ಹೆಸರು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಆ ಚಳಿಗಾಲದಲ್ಲಿ ಅವನ ತಟ್ಟೆಗೆ ಮಾಂಸದ ಚೂರೂ ಬಿದ್ದಿರಲಿಲ್ಲ. ಬಟಾಣಿ ಗಂಜಿ, ಅದರಲ್ಲೊಂದು ತೇಲುವ ಮೂಳೆ, ಅಷ್ಟೆ. ಕಾವಲುಗಾರರ ಪಡಿಯನ್ನೆಲ್ಲ ಅಡುಗೆಮನೆಯ ಅಧಿಕಾರಿ ಪೆರೆಗ್ರಿನ್ ಸ್ಟ್ರೌಡ್ ಹಿಂಬಾಗಿಲಿನಿಂದ ಹೆಂಡದಂಗಡಿಗಳಿಗೆ ಸಾಗಿಸುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ಆಂಬ್ರೋಸ್ ಒಮ್ಮೆ ಅದರ ವಿರುದ್ಧ ಬಾಯಿಬಿಟ್ಟಾಗ ಜೊತೆಗಾರರೆಲ್ಲ ಬೂಟು ನೋಡಿಕೊಳ್ಳುತ್ತ ನಿಂತಿದ್ದರು.

ಅಂದು ಬೆಳಿಗ್ಗೆ ಅವನು ಹೆಬ್ಬಾಗಿಲಲ್ಲಿ ಈಟಿ ಹಿಡಿದು ನಿಂತಿದ್ದಾಗ, ಅಲ್ಲಿ ನೆರೆದ ಜನರ ಗುಂಪನ್ನು ಸೀಳಿಕೊಂಡು ಅಣ್ಣ ಗಿಲ್ಬರ್ಟ್ ಬಂದ. ನೇಕಾರ. ಮಗ್ಗ ನಿಂತುಹೋಗಿ ಮನೆಯಲ್ಲಿ ಕೂತಿದ್ದ.

“ಏನೋ ದನಬಾಕ, ಹೊಟ್ಟೆ ತುಂಬಿತಾ?”

“ಇಲ್ಲಿ ಬೇಡ ಅಣ್ಣ. ಜನ ನೋಡ್ತಿದಾರೆ.”

“ನೋಡ್ಲಿ! ನಿನ್ನ ಅತ್ತಿಗೆ ಹೆತ್ತು ವಾರ ಆಯ್ತು. ಎದೇಲಿ ಹಾಲಿಲ್ಲ. ಕೂಸಿಗೆ ಅಳೋಕೂ ತ್ರಾಣ ಇಲ್ಲ. ಬಾಣಂತಿಗೆ ಒಂದು ಬಟ್ಟಲು ಸಾರು ತಂದುಕೊಡೋಕೆ ನಿನ್ನ ಕೈಲಾಗಲಿಲ್ವಲ್ಲೋ! ದಿನಾ ತಿಂದು ತೇಗ್ತೀಯ!”

“ನಂಗೇ ಸಿಗ್ತಿಲ್ಲ ಅಣ್ಣ.”

ಗುಂಪು ಗೊಳ್ಳೆಂದಿತು. “ಕೇಳಿದ್ರಾ? ದನಬಾಕನಿಗೆ ದನ ಸಿಗ್ತಿಲ್ಲವಂತೆ, ಪಾಪ!” ಯಾರೋ ಹೆಂಗಸು ಕೂಗಿದಳು. ಗಿಲ್ಬರ್ಟ್ ತಮ್ಮನ ಕೆಂಪಂಗಿಯ ಎದೆಯ ಮೇಲೆ ಉಗಿದು ತಿರುಗಿ ನೋಡದೆ ಹೋದ. ಕಾವಲಿನವನು ಅಲುಗುವಂತಿಲ್ಲ. ಆಂಬ್ರೋಸ್ ಎಂಜಲನ್ನು ಎದೆಯ ಮೇಲೆ ಹೊತ್ತು ನಿಂತೇ ಇದ್ದ.

ಮಧ್ಯಾಹ್ನ ಪರದೇಶದ ರಾಯಭಾರಿಗೆ ಔತಣ. ಅರಸನ ಪಂಕ್ತಿಗೆ ತಟ್ಟೆ ಹೊರುವುದೂ ಕಾವಲುಗಾರರ ಕೆಲಸವೇ. ಆ ತಟ್ಟೆ ಎದುರಾದರೆ ಎಂಥವರೂ ಟೋಪಿ ತೆಗೆದು ತಲೆಬಾಗಬೇಕು. ಸ್ಟ್ರೌಡ್ ತಾನೇ ನಿಂತು, ಹಬೆಯಾಡುವ ದನದ ತೊಡೆಯಿದ್ದ ಬೆಳ್ಳಿ ತಟ್ಟೆಯನ್ನು ಆಂಬ್ರೋಸ್‌ನ ಕೈಗಿಟ್ಟ.

“ಜೊಲ್ಲು ಬೀಳಿಸಿಬಿಟ್ಟೀಯ, ಜೋಕೆ. ನಿಂಗೆ ಬಟಾಣಿ ಕಾದಿದೆ.”

ಉಳಿದವರು ಮೆಟ್ಟಿಲು ಹತ್ತಿದರು. ಆಂಬ್ರೋಸ್ ಅಂಗಳದ ಕಡೆ ತಿರುಗಿದ.

ಬಾಗಿಲಲ್ಲಿದ್ದವನು ಹಳೆಯ ಗೆಳೆಯ ವಾಟ್ ಪಾಮ್‌ಫ್ರೆಟ್. “ಎಲ್ಲಿಗೋ?” ಅಂದ.

“ಊಟಕ್ಕೆ.”

ಪಾಮ್‌ಫ್ರೆಟ್ ತಟ್ಟೆ ನೋಡಿದ, ಗೆಳೆಯನ ಮುಖ ನೋಡಿದ, ಟೋಪಿ ತೆಗೆದು ಪಕ್ಕಕ್ಕೆ ಸರಿದ. ಬೀದಿಯಲ್ಲೂ ಹಾಗೇ ಆಯಿತು. ಗಾಡಿಯವರು ಕುದುರೆ ನಿಲ್ಲಿಸಿದರು, ಬೆಳಿಗ್ಗೆ ನಕ್ಕವರೇ ತಲೆಬಾಗಿದರು. ಅದನ್ನು ಕಂಡು ಆಂಬ್ರೋಸ್‌ನ ಸಿಟ್ಟು ಇನ್ನೂ ಏರಿತು. ಮಾಂಸಕ್ಕೆ ಬಾಗುವ ತಲೆ ಮನುಷ್ಯನಿಗೆ ಬಾಗುವುದಿಲ್ಲವಲ್ಲ!

ಅಣ್ಣನ ಮನೆಯ ಬಾಗಿಲನ್ನು ಒದ್ದು ತೆಗೆದು ತಟ್ಟೆಯನ್ನು ಮಗ್ಗದ ಹಲಗೆಯ ಮೇಲೆ ಕುಕ್ಕಿದ. “ತಗೋ, ತಿನ್ನು!”

ಗಿಲ್ಬರ್ಟ್ ಬೆಚ್ಚಿಬಿದ್ದ. “ಕದ್ದು ತಂದ್ಯಾ?”

“ನಮ್ಮ ಹೆಸರು ಹೇಳಿ ಯಾರ್ಯಾರೋ ತಿಂದ್ರಲ್ಲ, ಅವರು ಕಳ್ಳರು!”

ಮೂಲೆಯ ಹಾಸಿಗೆಯಿಂದ ಅತ್ತಿಗೆ ಥಾಮಸಿನ್ ತಲೆಯೆತ್ತಿದಳು. “ಜಗಳ ಆಮೇಲಾಡ್ಕೊಳ್ಳಿ. ಮೊದ್ಲು ಯಾರಾದ್ರೂ ಚಾಕು ತಗೊಳ್ಳಿ.”

ಅವಳು ಉಂಡಳು. ನೆರೆಹೊರೆಯವರು ವಾಸನೆಗೆ ಬಂದು ಬಾಗಿಲಲ್ಲಿ ನಿಂತರು, ಅವರಿಗೂ ಕೊಯ್ದು ಹಂಚಿದ್ದಾಯಿತು. ಆಂಬ್ರೋಸ್ ಕಣ್ಣುಮುಚ್ಚಿ ಗಬಗಬನೆ ತಿಂದ. ಸೈನಿಕರು ಬಂದಾಗ ತಟ್ಟೆಯಲ್ಲಿ ಉಳಿದದ್ದು ಮೂಳೆ ಮಾತ್ರ.

“ಅರಸರ ಊಟ ಕದ್ದವನಿಗೆ ಈ ಅಂಗಿ ಯಾಕೆ?” ಎಂದು ನಾಯಕ ಗುಡುಗಿದ.

“ತಗೊಳ್ಳಿ ಸ್ವಾಮಿ. ಆದ್ರೆ ನಮ್ಮ ಗಂಜಿ ಪಾತ್ರೆ ಮುಚ್ಚಳ ಒಂದು ಸಲ ತೆಗೆದು ನೋಡಿ.”

ಎಲ್ಲರೆದುರು ಕೆಂಪಂಗಿ ಬಿಚ್ಚಿಸಿದರು. ಅದರಡಿಯ ಮೂಳೆ ಎದ್ದ ಎದೆಗೂಡನ್ನು ನೋಡಲಾಗದೆ ನಾಯಕ ಕಿಟಕಿಯತ್ತ ಮುಖ ತಿರುಗಿಸಿದ. ಆಂಬ್ರೋಸ್ ಸೆರೆಮನೆಗೆ ಹೋದ. ಸ್ಟ್ರೌಡ್‌ನನ್ನು ಸದ್ದಿಲ್ಲದೆ ಇನ್ನೂ ದೊಡ್ಡ ಅರಮನೆಯ ಅಡುಗೆಮನೆಗೆ ವರ್ಗ ಮಾಡಿದರು.

ಕೆಲವು ದಿನಗಳಲ್ಲೇ ಪಾಮ್‌ಫ್ರೆಟ್ ಸೆರೆಮನೆಯ ಕಂಬಿಯಾಚೆ ಹಲ್ಲುಕಿರಿಯುತ್ತ ಬಂದ. “ನಿನ್ನೆಯಿಂದ ನಮ್ಗೆ ಮಾಂಸ ಬರ್ತಿದೆ ಕಣೋ! ತುಂಬಿದ ಬಟ್ಟಲು!”

“ತಿನ್ರೋ, ಚೆನ್ನಾಗಿ ತಿನ್ರಿ! ನಾನು ಬಾಯಿಬಿಟ್ಟಾಗ ನನ್ನ ಪಕ್ಕ ಒಬ್ಬನಾದ್ರೂ ನಿಂತನೇನೋ?”

ಪಾಮ್‌ಫ್ರೆಟ್‌ನ ನಗು ಮಾಯವಾಯಿತು. ಮತ್ತೆ ಅವನು ಬರಲಿಲ್ಲ.

ವಸಂತದಲ್ಲಿ ಆಂಬ್ರೋಸ್ ಬಿಡುಗಡೆಯಾದಾಗ ಹೊರಗೆ ಗಿಲ್ಬರ್ಟ್ ಒಂದು ಹಳೆಯ ಕೋಟು ಹಿಡಿದು ನಿಂತಿದ್ದ. “ಹಾಕ್ಕೋ. ಕೂಸು ಈಗ ಊರು ಕೇಳೋ ಹಾಗೆ ಅಳ್ತದೆ.”

“ನನ್ನ ಸಿಟ್ಟು ಇಳಿದಿಲ್ಲ ಅಣ್ಣ. ನೀನು ನನ್ನ ಮೇಲೆ ಉಗಿದೆ.”

“ಉಗಿದೆ.” ಗಿಲ್ಬರ್ಟ್ ತಲೆ ತಗ್ಗಿಸಿದ. “ಬೈಬೇಕು ಅಂದ್ರೆ ದಾರೀಲಿ ಬೈ. ಇಲ್ಲಿ ಚಳಿ.”

ಆಂಬ್ರೋಸ್ ಕೋಟು ಹಾಕಿಕೊಂಡ. ನದಿಯ ಸೇತುವೆ ದಾಟುವವರೆಗೂ ಬೈದ. ಅಣ್ಣ ಹೂಂ, ಹೂಂ ಅನ್ನುತ್ತ ಪಕ್ಕದಲ್ಲೇ ನಡೆದ.