ಸ್ಟಾರ್ಟರ್ ಪೆಟ್ಟಿಗೆಯ ಕಂಪ್ಯೂಟರು

ಹಾಸನದ ಆ ಅಂಗಡಿಯ ಮುಂಭಾಗದಲ್ಲಿ ಒಂದು ಕಂಪ್ಯೂಟರ್ ಕ್ಯಾಬಿನೆಟ್ಟು ಹೊಳೆಯುತ್ತಿತ್ತು. ಒಂದು ಪಕ್ಕ ಪೂರಾ ಗಾಜು. ಒಳಗೆ ಫ್ಯಾನುಗಳು, ಫ್ಯಾನುಗಳ ಸುತ್ತ ಬಣ್ಣ ಬದಲಿಸುವ ದೀಪಗಳು. ಬೋರಪ್ಪ ಅದರ ಮುಂದೆ ನಿಂತವನು ಕದಲಲಿಲ್ಲ.

“ಇದ್ನೇ ತಗಳವ ಕಣ್ ಮಗ. ಮನೇಲಿಟ್ರೆ ಊರೋರೆಲ್ಲ ಬಂದ್ ನೋಡ್ಬೇಕು.”

“ನೋಡಾಕ್ ಬಂದೋರಿಗೆ ಟಿಕೆಟ್ ಅರೀತೀಯೇನಪ್ಪ?” ಎಂದಳು ಕವನಾ.

ಬೋರಪ್ಪ ನಕ್ಕ. ದಂಡಿಗನಹಳ್ಳಿಯ ಸುತ್ತಮುತ್ತ ಯಾರ ಹೊಲದಲ್ಲಿ ಬೋರಿಗೆ ನೀರು ಬಿದ್ದರೂ ಮೋಟಾರು ಇಳಿಸಲು ಬರುವವನು ಅವನೇ. ಎಷ್ಟು ಆಳಕ್ಕೆ ಯಾವ ಮೋಟಾರು, ಎಂಥ ಕೇಬಲ್ಲು, ಎಷ್ಟು ಪೈಪು ಎಂಬುದು ಅವನಿಗೆ ಬಾಯಿಪಾಠ. ಕಂಪ್ಯೂಟರು ಮಾತ್ರ ಅವನಿಗೆ ಹೊಸದು. ಅದಕ್ಕೇ ಇವತ್ತು ಮಗಳ ಹಿಂದೆ ಬಂದಿದ್ದ.

ಕವನಾ ಸಿವಿಲ್ ಡಿಪ್ಲೊಮಾ ಮುಗಿಸಿ ಚನ್ನರಾಯಪಟ್ಟಣದ ಎಂಜಿನಿಯರ್ ಸಂಪತ್ಕುಮಾರರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಅಲ್ಲಿ ಅವಳು ಕೂರುತ್ತಿದ್ದ ಕಂಪ್ಯೂಟರಿಗೆ ಹೊಸಬರೊಬ್ಬರು ಬಂದಾಗ ಸಂಪತ್ಕುಮಾರರು ಅವಳನ್ನು ಕರೆದು ಹೇಳಿದ್ದರು: “ನೋಡಮ್ಮಾ, ನಿನ್ನ ಕೈ ಚೆನ್ನಾಗಿದೆ. ಮನೇಲೇ ಒಂದು ಸಿಸ್ಟಂ ಮಾಡ್ಕೊ. ಶ್ರವಣಬೆಳಗೊಳದ ಪಾರ್ಟಿಯ ಮನೆ ಮುಂಭಾಗದ ತ್ರೀಡಿ ಚಿತ್ರ ಈ ಶುಕ್ರವಾರ ಸಂಜೆ ಐದರೊಳಗೆ ಬಂದರೆ ಮುಂದಿನ ಕೆಲಸವೂ ನಿನಗೇ. ಇಲ್ಲದಿದ್ದರೆ ನಾನು ಹಾಸನದವರಿಗೆ ಕೊಡಬೇಕಾಗುತ್ತೆ.” ಕಚೇರಿಯ ಹಳೆಯ ಮಾನಿಟರು, ಯುಪಿಎಸ್ಸುಗಳನ್ನೂ ಕೊಟ್ಟು ಕಳಿಸಿದ್ದರು. ಉಳಿದದ್ದಕ್ಕೆ ಮನೆಯಲ್ಲಿ ಗೊತ್ತುಮಾಡಿದ್ದು ಮೂವತ್ತೈದು ಸಾವಿರ. ಅದರ ಮೇಲೆ ಒಂದು ರೂಪಾಯಿಯೂ ಹುಟ್ಟುವಂತಿರಲಿಲ್ಲ.

ಅಂಗಡಿಯ ಪೃಥ್ವಿರಾಜ್ ಕುರ್ಚಿ ಎಳೆದು ಕೂರಿಸಿ, “ಏನು ಕೆಲಸಕ್ಕೆ ಮೇಡಂ? ಗೇಮಾ, ಆಫೀಸಾ?” ಎಂದು ಕೇಳಿದ.

ಬೋರಪ್ಪ ಮಗಳ ಕಿವಿಯಲ್ಲಿ, “ಈವಯ್ಯ ಸರ್ಯಾಗವ್ನೆ. ನಾನೂ ಮೊದ್ಲು ಆಳ ಕೇಳೇ ಮೋಟ್ರು ಏಳಾದು,” ಎಂದ.

“ಮನೆ ಡ್ರಾಯಿಂಗಿಗೆ, ತ್ರೀಡಿ,” ಎಂದಳು ಕವನಾ. “ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಗ್ರಾಫಿಕ್ಸ್ ಒಳಗೇ ಇರೋ ಪ್ರೊಸೆಸರ್ ಕೊಡಿ. ಚಿತ್ರ ಒಸಿ ನಿಧಾನಕ್ಕೆ ಬಂದ್ರೂ ಚಿಂತೆಯಿಲ್ಲ. ಬೋರ್ಡಲ್ಲಿ ಮಾತ್ರ ರ್‍ಯಾಮಿಗೆ ನಾಲ್ಕು ಜಾಗ ಇರ್ಬೇಕು.”

“ಎರಡು ಜಾಗದ್ದಾದ್ರೆ ಕಮ್ಮಿಗೆ ಬರುತ್ತೆ ಮೇಡಂ.”

“ಈಗ ಎರಡೇ ಸಾಕು. ಮುಂದೆ ನೀರು ಕೆಳಕ್ಕೆ ಹೋದಾಗ ಪೈಪ್ ಇಳಿಸೋದೆಲ್ಲಿಗೆ?”

ಪೃಥ್ವಿರಾಜನಿಗೆ ತಿಳಿಯಲಿಲ್ಲ. ಮುಂದೆ ಬೇಕಾಗುವುದಕ್ಕೆ ಈಗಲೇ ಜಾಗ ಬಿಡುವ ಲೆಕ್ಕ ಬೋರಪ್ಪನಿಗೆ ತಿಳಿಯಿತು. ಅವನು ಮೀಸೆಯ ಮೇಲೆ ಕೈಯಾಡಿಸಿಕೊಂಡು ಬೀದಿಯ ಕಡೆ ನೋಡಿದ. ಬೇಸಿಗೆ ರಜೆಗಳಲ್ಲಿ ಹೊಲದಿಂದ ಹೊಲಕ್ಕೆ ತನ್ನ ಹಿಂದೆಯೇ ಬರುತ್ತಿದ್ದ ಮಗಳು ಬರೀ ನೆರಳಿಗಾಗಿ ಮರದ ಕೆಳಗೆ ಕೂತಿರಲಿಲ್ಲ.

ರ್‍ಯಾಮಿನ ಬೆಲೆ ಕೇಳಿ ಕವನಾ ಬೆರಳೆಣಿಸಿ ಇನ್ನೊಮ್ಮೆ ಲೆಕ್ಕ ಹಾಕಿದಳು. “ಹೋದ ವರ್ಷ ಬಂದಿದ್ರೆ ಅರ್ಧಕ್ಕೆ ಕೊಡ್ತಿದ್ದೆ. ಈಗ ಇದಕ್ಕೂ ಚಿನ್ನಕ್ಕೂ ಪೈಪೋಟಿ,” ಎಂದ ಪೃಥ್ವಿರಾಜ್. ಕವನಾ ಒಂದೇ ತುಂಡು ತೆಗೆದುಕೊಂಡಳು. ಡಿಸ್ಕನ್ನೂ ಎತ್ತಿಟ್ಟ ಮೇಲೆ ಉಳಿದದ್ದು ಸ್ವಲ್ಪವೇ ದುಡ್ಡು.

“ಆ ಗಾಜಿನ ಕ್ಯಾಬಿನೆಟ್ಟಿನ ಜೊತೆ ಎಸ್‌ಎಂಪಿಎಸ್ಸೂ ಬರುತ್ತೆ. ಎರಡೂ ಸೇರಿ ನಿಮ್ಮ ದುಡ್ಡಿಗೆ ಸರಿಹೋಗುತ್ತೆ,” ಎಂದ ಪೃಥ್ವಿರಾಜ್.

ಗೋಡೆಯ ಕರೆಂಟನ್ನು ಹದಮಾಡಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬಿ ಅದು. ಕವನಾ ಅದನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದಳು. ಹಗುರವಾಗಿತ್ತು. ಕಪಾಟಿನಲ್ಲಿದ್ದ ಇನ್ನೊಂದನ್ನು ತೆಗೆಸಿದಳು. ಅದು ಗಟ್ಟಿಯಾಗಿತ್ತು, ಆದರೆ ಅದೊಂದಕ್ಕೇ ಉಳಿದ ದುಡ್ಡು ಮುಗಿಯುತ್ತಿತ್ತು.

“ಅಪ್ಪ, ನಮ್ಮೂರ ಕರೆಂಟಿಗೆ ನೀನು ಅಗ್ಗದ ಸ್ಟಾರ್ಟರ್ ಆಕ್ತೀಯಾ?”

“ಆಕ್ಬುಟ್ಟು ಮೋಟ್ರು ಸುಟ್ಕಂಡು ಕೂರಾನಾ?”

“ಅಂಗಾರೆ ಗಾಜಿನ್ ಪೆಟ್ಗೆ ಬ್ಯಾಡ.”

ಬೋರಪ್ಪ ಇನ್ನೊಮ್ಮೆ ಆ ಬಣ್ಣದ ದೀಪಗಳನ್ನು ನೋಡಿದ. ಅದರ ಮೇಲಿನ ಆಸೆ ಬಿಡಲು ಅವನಿಗೆ ಕಷ್ಟವಾಯಿತು. ಬಿಟ್ಟ. “ಪೆಟ್ಗೆ ನಾನ್ ಮಾಡ್ಕೊಡ್ತೀನಿ ಕಣವ್ವ. ನೀ ಗಟ್ಟಿದು ತಗ.”

ಮನೆಯ ಹಿತ್ತಲಿನಲ್ಲಿ ಹಳೆಯದೊಂದು ಸ್ಟಾರ್ಟರ್ ಪೆಟ್ಟಿಗೆ ಬಿದ್ದಿತ್ತು. ಮೋಟಾರು ಚಾಲೂ ಮಾಡುವ ಸ್ಟಾರ್ಟರನ್ನು ಒಳಗಿಟ್ಟು ಹೊಲದ ಕಂಬಗಳಿಗೆ ನೇತುಹಾಕುವಂಥ ಕಬ್ಬಿಣದ ತಗಡಿನ ಪೆಟ್ಟಿಗೆ, ಮೇಲೆ ಮಳೆ ತಡೆಯುವ ಸೂರು, ಮುಂದೆ ಚಿಲಕದ ಬಾಗಿಲು. ಬೋರಪ್ಪ ತುಕ್ಕು ಕೆರೆದು ಹಸಿರು ಬಣ್ಣ ಬಳಿದ. ಎಲ್ಲಿ ತೂತು ಕೊರೆಯಬೇಕೆಂದು ಕವನಾ ಸೀಮೆಸುಣ್ಣದಲ್ಲಿ ಗುರುತಿಟ್ಟಳು. ಅವನು ಕೊರೆದ. ಬೋರ್ಡು ತಗಡಿಗೆ ತಾಗದಂತೆ ಹಿತ್ತಾಳೆಯ ಕಾಲುಗಳ ಮೇಲೆ ಕೂರಿಸಿ, ಅವಳು ಉಸಿರು ಬಿಗಿಹಿಡಿದು ಪ್ರೊಸೆಸರನ್ನು ಅದರ ಗೂಡಿಗೆ ಇಳಿಸಿದಳು. ತನ್ನ ಕೈಯೂ ಇಷ್ಟು ಹಗುರವಾಗಿ ಯಾವ ಮೋಟಾರನ್ನೂ ಮುಟ್ಟಿದ್ದಿಲ್ಲ ಎಂದುಕೊಂಡ ಬೋರಪ್ಪ.

ಮಾನಿಟರಿನಲ್ಲಿ ಬೆಳಕು ಬಂದಾಗ ತಾಯಿ ಸಣ್ಣಕ್ಕ ಕುಂಕುಮದ ಬಟ್ಟಲು ತಂದಳು.

“ಒಳೀಕ್ ಇಡ್ಬ್ಯಾಡ ಕಣವ್ವ, ಬಾಗ್ಲಿಗಿಡು,” ಎಂದಳು ಕವನಾ.

“ಗೊತ್ತು ಸುಮ್ಕಿರು. ನಾನೇನು ರೊಟ್ಟಿ ಅಂತ ಬೇಯಿಸೀನಾ ಇದ್ನ?”

ಶುಕ್ರವಾರ ಮಧ್ಯಾಹ್ನದ ಊಟವಾದ ಮೇಲೆ ಕವನಾ ಚಿತ್ರ ಪೂರ್ತಿ ಮಾಡಲು ಯಂತ್ರಕ್ಕೆ ಬಿಟ್ಟಳು. ನೆರಳು, ಬೆಳಕು, ಗೋಡೆಯ ಕಲ್ಲು ಎಲ್ಲವನ್ನೂ ಅದೇ ಲೆಕ್ಕ ಹಾಕಿ ತುಂಬಬೇಕು. ಕಾಲುಭಾಗ ಮೂಡಿತ್ತು. ತಟ್ಟನೆ ಎಲ್ಲ ಆರಿಹೋಯಿತು. ಮನೆಯ ದೀಪ ಉರಿಯುತ್ತಲೇ ಇತ್ತು. ಮತ್ತೆ ಹಾಕಿದಳು. ಮತ್ತೆ ಅಲ್ಲಿಗೇ ಬಂದು ಆರಿತು.

“ಎಸ್‌ಎಂಪಿಎಸ್ಸೇ ಕೈಕೊಡ್ತೇನೋ ಅಪ್ಪ,” ಎಂದಳು. “ಅದೇ ಓಗಿದ್ರೆ ಇವತ್ತಿಗೆ ಮುಗೀತು. ಕೆಲ್ಸ ಹಾಸನದೋರ ಪಾಲು.”

ಬೋರಪ್ಪ ಯುಪಿಎಸ್ಸಿನ ವಯರು ಮುಟ್ಟಿ ನೋಡಿದ, ಪ್ಲಗ್ಗು ಅಲ್ಲಾಡಿಸಿದ. ಅಷ್ಟರಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಸಣ್ಣಕ್ಕ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ತಟ್ಟನೆ ತೆಗೆದಳು.

“ಅಯ್ಯೋ, ಒಲೆಯಂಗೆ ಕಾದೈತಲ್ಲ!”

ಕವನಾ ಬಗ್ಗಿ ಪೆಟ್ಟಿಗೆಯ ಸುತ್ತ ನೋಡಿದಳು. ತಾನು ಗಾಳಿಗೆಂದು ಗುರುತಿಟ್ಟು ಕೊರೆಸಿದ್ದ ತೂತುಗಳು ಒಂದೂ ಕಾಣಲಿಲ್ಲ. ಎಲ್ಲಕ್ಕೂ ಸೈಕಲ್ ಟ್ಯೂಬಿನ ರಬ್ಬರು ತುರುಕಿತ್ತು.

“ಅಪ್ಪ, ಇದ್ಯಾರ್ ಕೆಲ್ಸ?”

“ನಂದೇ ಕಣ್ ಮಗ, ಬೆಳಿಗ್ಗೆ ಮೆತ್ತಿದ್ದು.” ಬೋರಪ್ಪ ತಲೆ ಕೆರೆದುಕೊಂಡ. “ಹಲ್ಲಿ ಒಳೀಕ್ ಓಯ್ತದೆ ಅಂತ. ನಾನ್ ಕಂಡಿರೋ ಸುಟ್ಟೋದ್ ಸ್ಟಾರ್ಟರ್‌ಗಳಲ್ಲಿ ಅರ್ಧಕ್ಕರ್ಧ ಹಲ್ಲಿ ಸತ್ತಿರ್ತದೆ. ಪೆಟ್ಗೆ ಅಂದ್ಮೇಲೆ ತೂತು ಮುಚ್ಚದೆ ನನ್ ಕೈ ಸುಮ್ಕಿರಾಕಿಲ್ಲ.”

ಕವನಾ ಅಳುವುದಕ್ಕೂ ನಗುವುದಕ್ಕೂ ನಡುವೆ ನಿಂತು ಕೊನೆಗೆ ನಕ್ಕುಬಿಟ್ಟಳು. “ಅದಕ್ ಉಸ್ರು ಕಟ್ಟಿ ಮೂರ್ಛೆ ಓಗೈತೆ. ಸತ್ತಿಲ್ಲ. ಜಾಸ್ತಿ ಕಾದ್ರೆ ಸುಟ್ಕಳದೆ ತಾನೇ ಆರೋಯ್ತದೆ.”

“ನಿಮ್ಮಪ್ಪಂಗಿಂತ ಬುದ್ಧಿ ಐತೆ ಬುಡು,” ಎಂದಳು ಸಣ್ಣಕ್ಕ.

ಬಾಗಿಲು ತೆರೆದರು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಅದು ತಣ್ಣಗಾಗುವವರೆಗೆ ಕಾದು ಕವನಾ ಮತ್ತೆ ಚಿತ್ರ ಹಾಕಿದಳು. ಆದರೆ ಬೋರಪ್ಪ ಕೂರಲಿಲ್ಲ. ಅವನ ಕಣ್ಣು ಗೋಡೆಯ ಮೇಲಿತ್ತು. ಕ್ಯಾಲೆಂಡರಿನ ಸಂದಿಯಿಂದ ದಪ್ಪ ಹಲ್ಲಿಯೊಂದು ತಲೆ ಹಾಕಿ ಪೆಟ್ಟಿಗೆಯನ್ನೇ ನೋಡುತ್ತಿತ್ತು. ಅವನು ಪೊರಕೆ ತಂದು ಪೆಟ್ಟಿಗೆಯ ಪಕ್ಕ ಮಣೆ ಹಾಕಿ ಕಾವಲು ಕೂತ.

ಮೋಟಾರಿನ ವಿಚಾರಕ್ಕೆ ಬಂದ ಊರಿನ ಬಸವೇಶ ಹೊಸ್ತಿಲಲ್ಲೇ ನಿಂತು, “ಇದೇನ್ ಬೋರಣ್ಣ, ಪೊರಕೆ ಇಡ್ಕಂಡ್ ಕುಂತ್ಬುಟ್ಟೆ? ಅತ್ತಿಗೆ ಕೆಲ್ಸ ಕೊಟ್ಳಾ?” ಎಂದ.

“ಮಗಳು ಕೊಟ್ಟವ್ಳೆ. ಮೋಟ್ರು ವಿಷ್ಯ ನಾಳೀಕ್ ಬಾ.”

ಚಿತ್ರ ನಿಧಾನವಾಗಿ, ಬೆಳೆಗೆ ನೀರು ಹಾಯುವ ಹಾಗೆ ಸಾಲುಸಾಲಾಗಿ ಮೂಡಿತು. ಜಗುಲಿ ಬಂತು, ಕಂಬ ಬಂತು, ಕಿಟಕಿಯ ಗಾಜಿನಲ್ಲಿ ಆಕಾಶವೂ ಬಂತು. ಈ ಸಲ ಆರಲಿಲ್ಲ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕವನಾ ಫೋನಿನ ನೆಟ್ಟಿನಿಂದ ಅದನ್ನು ಕಳಿಸಿದಳು. ಕೊಂಚ ಹೊತ್ತಿಗೆ ಸಂಪತ್ಕುಮಾರರ ಕರೆ ಬಂತು.

“ಚೆನ್ನಾಗಿದೆಯಮ್ಮಾ. ಪಾರ್ಟಿ ಒಪ್ಪಿಕೊಂಡರು. ಸೋಮವಾರ ಇನ್ನೊಂದು ಮನೆ ಕಳಿಸ್ತೀನಿ. ಯಾವ ಸಿಸ್ಟಂ ತಗೊಂಡೆ?”

ಕವನಾ ಪೆಟ್ಟಿಗೆಯನ್ನೂ ಪೊರಕೆ ಹಿಡಿದ ಅಪ್ಪನನ್ನೂ ನೋಡಿದಳು. “ನಾವೇ ಕಟ್ಟಿದ್ದು ಸಾರ್,” ಎಂದಳು.

ಮಾರನೆಯ ಬೆಳಿಗ್ಗೆ ಬೋರಪ್ಪ ರಬ್ಬರು ಕಿತ್ತು, ಪೆಟ್ಟಿಗೆಯ ಎರಡು ಪಕ್ಕದಲ್ಲೂ ದೊಡ್ಡದಾಗಿ ತಗಡು ಕತ್ತರಿಸಿ ಜರಡಿಯ ಬಲೆ ಕೂರಿಸಿದ. ಅದು ಸಣ್ಣಕ್ಕನ ರಾಗಿಹಿಟ್ಟಿನ ಜರಡಿ. ಅವಳು ಬೈದು ಮುಗಿಸುವವರೆಗೂ ಅವನು ಸ್ಕ್ರೂ ತಿರುಗಿಸುತ್ತಿದ್ದ.

ಆಮೇಲೆ ಕೆಂಪು ಬಣ್ಣದ ಡಬ್ಬಿ ತೆಗೆದ. ಹೊಲದ ಕಂಬಕ್ಕೆ ಪೆಟ್ಟಿಗೆ ಏರಿಸಿದ ಮೇಲೆ ಬಾಗಿಲ ಮೇಲೆ ಬೋರಿನ ಯಜಮಾನನ ಹೆಸರು ಬರೆಯುವುದು ಅವನ ಕೆಲಸದ ಕೊನೆಯ ಹಂತ. ಇಷ್ಟು ವರ್ಷ ಎಷ್ಟೋ ಗೌಡರ, ಅಣ್ಣಂದಿರ, ಸ್ವಾಮಿಗಳ ಹೆಸರು ಬರೆದಿದ್ದ. ಈಗ ಕುಂಕುಮದ ಬೊಟ್ಟಿನ ಕೆಳಗೆ ಕುಂಚ ಊರಿ, ಅಕ್ಷರ ಸೊಟ್ಟಗಾಗದಂತೆ ನಾಲಿಗೆ ಕಚ್ಚಿಕೊಂಡು, ಒಂದೊಂದಾಗಿ ಬರೆದ: ಕವನಾ ಬಿ.