ನೀರು ನಿಲ್ಲದ ಹಾಗೆ

ಅಕ್ಕನಿಗೆ ಆ ಅಡ್ಡಹೆಸರು ಯಾರಿಟ್ಟರೋ ಗೊತ್ತಿಲ್ಲ. ಪೈಪಿನ ಕೆಲಸದವರಿಂದ ಹಿಡಿದು ಸಿಮೆಂಟ್ ಅಂಗಡಿಯವರವರೆಗೆ ಎಲ್ಲರೂ ಬೆನ್ನ ಹಿಂದೆ ಅವಳನ್ನು 'ಅಕಸ್ಮಾತ್ ಅಕ್ಕ' ಎನ್ನುತ್ತಿದ್ದರು. ಯಾವ ಕೆಲಸದ ಮಾತು ಬಂದರೂ ಅವಳ ಬಾಯಿಂದ ಮೊದಲು ಹೊರಡುತ್ತಿದ್ದದ್ದು ಅದೇ ಪದ. ಅಕಸ್ಮಾತ್ ಮಳೆ ಬಂದರೆ? ಅಕಸ್ಮಾತ್ ವೆಲ್ಡಿಂಗ್‌ನವನು ಕೈ ಕೊಟ್ಟರೆ? ಅಕಸ್ಮಾತ್ ಗೋಡೆಯೊಳಗಿನ ಪೈಪು ನಕ್ಷೆಯಲ್ಲಿ ತೋರಿಸಿದ ಕಡೆ ಇಲ್ಲದಿದ್ದರೆ? ದೊಡ್ಡ ಕಟ್ಟಡಗಳಿಗೆ ನೀರಿನ ವ್ಯವಸ್ಥೆ ಮಾಡಿಕೊಡುವ ಗುತ್ತಿಗೆ ಅವಳದ್ದು ಮತ್ತು ಅವಳ ತಮ್ಮನದ್ದು. ತಮ್ಮ ಓಡಾಡಿ, ಮಾತಾಡಿ ಕೆಲಸ ಹಿಡಿಯುತ್ತಿದ್ದ. ಹಿಡಿದು ತಂದದ್ದನ್ನು ಅಕ್ಕ ಮಾಡಿಸಿ ಮುಗಿಸುತ್ತಿದ್ದಳು. ತಮ್ಮನಿಗೆ ಅಡ್ಡಹೆಸರು ಇರಲಿಲ್ಲ. ಅವನು ಎಲ್ಲರಿಗೂ 'ಆಗುತ್ತೆ ಸಾರ್' ಅನ್ನುತ್ತಿದ್ದ, ಅಷ್ಟೇ.

ಈ ಸಲ ಅವನು ಹಿಡಿದದ್ದು ಒಂದು ಹೆರಿಗೆ ಆಸ್ಪತ್ರೆಯ ಕೆಲಸ. ತಾರಸಿಯ ಮೇಲಿದ್ದ ಹಳೆಯ ಕಬ್ಬಿಣದ ಟ್ಯಾಂಕು ತುಕ್ಕು ಹಿಡಿದು ತಳದಲ್ಲಿ ಸೋರುತ್ತಿತ್ತು. ಅದನ್ನು ಕತ್ತರಿಸಿ ಇಳಿಸಿ, ಅದೇ ಜಾಗದಲ್ಲಿ ಹೊಸದನ್ನು ಕೂರಿಸಬೇಕು. ಅಲ್ಲಿಯವರೆಗೆ ಅಂಗಳದಲ್ಲಿ ತಾತ್ಕಾಲಿಕ ಟ್ಯಾಂಕುಗಳನ್ನಿಟ್ಟು, ಪಂಪಿನಿಂದ ಎಲ್ಲ ಮಹಡಿಗೂ ನೀರು ಏರಿಸಬೇಕು. ಆಸ್ಪತ್ರೆ ಒಂದು ಗಳಿಗೆಯೂ ಮುಚ್ಚುವ ಹಾಗಿಲ್ಲ. ಹುಟ್ಟುವ ಮಕ್ಕಳಿಗೆ ಟ್ಯಾಂಕಿನ ಗೊಡವೆ ಯಾಕೆ?

ಆಡಳಿತಾಧಿಕಾರಿಯ ಕೋಣೆಯಲ್ಲಿ ಕೊನೆಯ ಮಾತುಕತೆ ನಡೆಯಿತು.

"ಅಕಸ್ಮಾತ್ ಪಂಪು ಕೆಟ್ಟರೆ ಅಂತ ಪಕ್ಕದಲ್ಲೇ ಇನ್ನೊಂದು ಜೋಡಿಸಿ ಇಟ್ಟಿರಬೇಕು ಸಾರ್," ಎಂದಳು ಅಕ್ಕ. "ಹಳೇ ಟ್ಯಾಂಕು ಕತ್ತರಿಸೋ ಮುಂಚೆ ಒಂದು ದಿನ ಬರೀ ಈ ವ್ಯವಸ್ಥೆ ಮೇಲೆ ನಡೆಸಿ ನೋಡಬೇಕು."

ಆಡಳಿತಾಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊಸ ಪಂಪು ತಾನೇ ತರ್ತಿರೋದು?"

"ಹೌದು ಸಾರ್."

"ಮತ್ತೆ ಕೆಡುತ್ತೆ ಅಂತ ಈಗಲೇ ಯಾಕೆ ಬಾಯಲ್ಲಿ ತರ್ತೀರಿ? ನೀವು ಕೆಲಸ ಮಾಡಿಕೊಡೋಕೆ ಬಂದಿದ್ದೀರೋ, ನಮ್ಮನ್ನ ಹೆದರಿಸೋಕೆ ಬಂದಿದ್ದೀರೋ?"

ಮೇಜಿನ ಕೆಳಗೆ ತಮ್ಮ ಅವಳ ಕಾಲು ತುಳಿದ. "ಅದೆಲ್ಲ ನಾವು ನೋಡ್ಕೊಳ್ತೀವಿ ಸಾರ್. ಒಂದೇ ಪಂಪು ಸಾಕು. ನಿಮಗೆ ಗೊತ್ತೂ ಆಗಲ್ಲ, ಕೆಲಸ ಮುಗಿದಿರುತ್ತೆ," ಎಂದು ನಕ್ಕ. ಆಡಳಿತಾಧಿಕಾರಿಯೂ ನಕ್ಕರು. ಎರಡನೇ ಪಂಪು ಹೋಯಿತು, ಒಂದು ದಿನ ನಡೆಸಿ ನೋಡುವುದೂ ಹೋಯಿತು.

ಮೆಟ್ಟಿಲಿಳಿಯುವಾಗ ತಮ್ಮ ರೇಗಿದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತೀಯಲ್ಲಕ್ಕ ನೀನು."

"ಇದು ಹೆರಿಗೆ ಆಸ್ಪತ್ರೆ ಕಣೋ. ಇಲ್ಲಿಗೆ ಬರೋರೆಲ್ಲ ಮುಂಚೇನೇ ಹೊಲಿಸಿರ್ತಾರೆ."

"ತಮಾಷೆ ಬೇಡ. ನಮಗೆ ಕೆಲಸ ಕೊಡೋರಿಗೆ ಧೈರ್ಯ ಬೇಕು. ನೀನು ಬಾಯಿ ಬಿಟ್ಟರೆ ಅವರ ಎದೆ ಡವಡವ ಅನ್ನುತ್ತೆ. ಇಷ್ಟು ವರ್ಷದಲ್ಲಿ ನಮ್ಮ ಯಾವ ಕೆಲಸದಲ್ಲಿ ಏನು ಕೆಟ್ಟದ್ದಾಗಿದೆ, ಹೇಳು ನೋಡೋಣ?"

ಏನೂ ಆಗದೆ ಹೋದದ್ದು ತಾನಾಗಿ ಆದದ್ದಲ್ಲ ಎಂದು ಹೇಳಬೇಕೆಂದು ಅವಳಿಗೆ ಅನಿಸಿತು. ಆದರೆ ಈ ಮಾತು ಆಡಿ ಆಡಿ ಅವಳ ನಾಲಿಗೆ ಸವೆದಿತ್ತು. ಏನೂ ಆಗದಿದ್ದರೆ 'ನೋಡಿದೆಯಾ, ಸುಮ್ಮನೆ ಹೆದರಿಸಿದೆ' ಅನ್ನುತ್ತಾರೆ. ಆಗಿಬಿಟ್ಟರೆ 'ನಿನ್ನ ಬಾಯಲ್ಲೇ ಬಂತಲ್ಲ' ಅನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ತಮ್ಮ ಕೆಟ್ಟವನಲ್ಲ. ಅವನು ಹಾಗೆ ನಗುತ್ತಾ 'ಆಗುತ್ತೆ' ಅನ್ನದಿದ್ದರೆ ಇಬ್ಬರ ಮನೆಯ ಒಲೆಯೂ ಉರಿಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಅವನು ಹೋದ ಮೇಲೆ ಅವಳು ಎರಡನೇ ಮಹಡಿಗೆ ಹತ್ತಿ ಹಿರಿಯ ನರ್ಸನ್ನು ಹುಡುಕಿದಳು. ಅವರು ಬಟ್ಟೆ ಮಡಿಸಿಡುವ ಕೋಣೆಯಲ್ಲಿ ಒಂದು ಚಪ್ಪಲಿ ಬಿಟ್ಟು, ಆ ಪಾದವನ್ನು ಇನ್ನೊಂದು ಕಾಲಿಗೆ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಬೆಳಿಗ್ಗೆಯಿಂದ ಕೂತಿರಲಿಲ್ಲವೇನೋ.

"ನೀರು ನಿಂತರೆ ಇಲ್ಲಿ ಮೊದಲು ಏನು ನಿಲ್ಲುತ್ತೆ ಸಿಸ್ಟರ್?"

ಆ ಪ್ರಶ್ನೆಗೆ ನರ್ಸ್ ಹೆದರಲೂ ಇಲ್ಲ, ನಗಲೂ ಇಲ್ಲ. "ಕುಡಿಯೋ ನೀರಲ್ಲಮ್ಮ. ಅದು ಬಾಟಲಲ್ಲಾದರೂ ಬರುತ್ತೆ. ಕೈ ತೊಳೆಯೋದು ನಿಲ್ಲುತ್ತೆ. ಅದು ನಿಂತರೆ ಆಪರೇಷನ್ ನಿಲ್ಲುತ್ತೆ."

ಇಬ್ಬರೂ ಮಡಿಸಿದ ಹೊದಿಕೆಗಳ ರಾಶಿಗೆ ಒರಗಿ ಕೂತು ಮಾತಾಡಿದರು. ಪ್ರತಿ ಮಹಡಿಯಲ್ಲೂ ನಲ್ಲಿ ಇರುವ ಡ್ರಮ್ಮುಗಳನ್ನು ತುಂಬಿಸಿಡುವುದು. ಆಪರೇಷನ್ ಕೋಣೆಯ ಡ್ರಮ್ಮುಗಳು ಬೇರೆ, ಅವನ್ನು ಇನ್ಯಾರೂ ಮುಟ್ಟಬಾರದು. ಮುಂದೂಡಬಹುದಾದ ಆಪರೇಷನ್‌ಗಳನ್ನು ಟ್ಯಾಂಕು ಕತ್ತರಿಸುವ ದಿನ ಇಟ್ಟುಕೊಳ್ಳಬಾರದು. ನೀರು ಕಡಿಮೆಯಾದರೆ ಮೊದಲು ಬಟ್ಟೆ ಒಗೆಯುವ ಕಡೆ ಬಂದ್. ಪಂಪು ಕೈಕೊಟ್ಟರೆ ನೀರಿನ ಲಾರಿಯವನು ತನ್ನ ಲಾರಿಯ ಪಂಪಿನಿಂದ ಕೆಳ ಮಹಡಿಗಾದರೂ ನೀರು ಕೊಡುವುದು, ಮೇಲಿನದಕ್ಕೆ ಕೈಯಲ್ಲೇ ಹೊರುವುದು. ಇದನ್ನೆಲ್ಲ ಅಕ್ಕ ಒಂದು ಹಾಳೆಯಲ್ಲಿ ಬರೆದಳು. ಆಡಳಿತಾಧಿಕಾರಿ ಅದಕ್ಕೆ ಸಹಿ ಹಾಕಿದರು, ಖರ್ಚಿನ ಮಾತು ಅದರಲ್ಲಿ ಇರಲಿಲ್ಲವಲ್ಲ. ತಮ್ಮನೂ ಹಾಕಿದ. ಒಂದು ಪ್ರತಿಯನ್ನು ನರ್ಸ್ ತಮ್ಮದೇ ಕೋಣೆಯ ಗೋಡೆಗೆ ಅಂಟಿಸಿಕೊಂಡರು.

ಪೈಪಿನ ಮೇಸ್ತ್ರಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಎಲ್ಲದರ ಎದುರಿಗೂ ನಿಮ್ಮ ಫೋನ್ ನಂಬರೇ ಇದೆಯಲ್ಲಮ್ಮ."

"ಮತ್ತೆ ಇನ್ಯಾರದ್ದು ಹಾಕಲಿ? ನಾನಂತೂ ಇಲ್ಲೇ ಇರ್ತೀನಲ್ಲ."

ಮೇಸ್ತ್ರಿ ತಲೆ ಆಡಿಸಿ ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡ.

ಆ ವಾರವೆಲ್ಲ ಅವಳಿಗೆ ಮೈ ಬಿಸಿ ಇತ್ತು. ಗಂಡ ಹಣೆ ಮುಟ್ಟಿ ನೋಡಿ, "ಒಂದು ದಿನ ಮಲಗಬಾರದಾ?" ಎಂದ. ಮಾತ್ರೆ ನುಂಗಿ ಹೊರಟಳು. ಗ್ಯಾಸ್ ಕಟರ್ ಯಾವಾಗ ಬರುತ್ತದೆ, ಕ್ರೇನು ಓಣಿಯಲ್ಲಿ ತಿರುಗುತ್ತದೋ ಇಲ್ಲವೋ, ತಾತ್ಕಾಲಿಕ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಊಟ ಮಾಡುವಾಗಲೂ ತಲೆಯಲ್ಲಿ ಓಡುತ್ತಿತ್ತು. ಜ್ವರ ಬಂದದ್ದು ತನ್ನ ಮೈಗೆ, ಕೆಲಸಕ್ಕಲ್ಲವಲ್ಲ ಎಂದುಕೊಂಡಳು.

ಹಳೆಯ ಟ್ಯಾಂಕು ಬೆಳಿಗ್ಗೆ ಕತ್ತರಿಸಿ ತುಂಡಾಯಿತು. ಅಂಗಳದ ಪಂಪು ಗುಂಯ್ ಎನ್ನುತ್ತಿತ್ತು, ನಲ್ಲಿಗಳಲ್ಲಿ ನೀರು ಬರುತ್ತಿತ್ತು. ಚೀಲವನ್ನು ತಾರಸಿಯ ಬಾಗಿಲ ಮೊಳೆಗೆ ನೇತುಹಾಕಿ, ಕಬ್ಬಿಣದ ತುಂಡುಗಳು ಇಳಿಯುವುದನ್ನು ನೋಡುತ್ತಾ ನಿಂತಿದ್ದ ಅಕ್ಕ, ಕೆಳಗೆ ಹೋಗಿ ಪಂಪು ನೋಡಿ ಬರೋಣ ಎಂದು ಮೆಟ್ಟಿಲಿಗೆ ಕಾಲಿಟ್ಟವಳು ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದಳು. ಮೇಸ್ತ್ರಿ ಮತ್ತು ಇನ್ನೊಬ್ಬ ಸೇರಿ ಎತ್ತಿಕೊಂಡು ಎರಡನೇ ಮಹಡಿಗೆ ತಂದರು. ಬೇರೆಲ್ಲೂ ಹಾಸಿಗೆ ಖಾಲಿ ಇರಲಿಲ್ಲ. ಬಾಣಂತಿಯರ ಸಾಲಿನ ಕೊನೆಯ ಮಂಚದಲ್ಲಿ ಮಲಗಿಸಿ ಕೈಗೆ ಡ್ರಿಪ್ ಹಾಕಿದರು. ಜ್ವರ ಎದೆಗೆ ಇಳಿದಿದೆ, ಏಳುವ ಹಾಗಿಲ್ಲ ಎಂದರು ವೈದ್ಯರು.

ಎಚ್ಚರವಾದಾಗ ಪಕ್ಕದ ಮಂಚದ ಬಾಣಂತಿಯ ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದರು.

"ಏನಮ್ಮ, ಗಂಡೋ ಹೆಣ್ಣೋ?"

"ನೀರಿನ ಟ್ಯಾಂಕು ಅಜ್ಜಿ," ಎಂದಳು ಅಕ್ಕ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಹೋಗಲಿ ಬಿಡು, ನೀನು ಚೆನ್ನಾಗಿದ್ದೀಯಲ್ಲ," ಎಂದು ಸಮಾಧಾನ ಹೇಳಿದರು.

ಮಧ್ಯಾಹ್ನ ಊಟದ ತಟ್ಟೆಗಳನ್ನು ತೊಳೆಯುತ್ತಿದ್ದಾಗ ಮೂಲೆಯ ನಲ್ಲಿ ಕೆಮ್ಮಿತು. ಒಂದೆರಡು ಸಲ ಉಗುಳಿ, ಉಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಆ ಸದ್ದು ಏನೆಂದು ಆ ಕೋಣೆಯಲ್ಲಿ ಅಕ್ಕನೊಬ್ಬಳಿಗೆ ಗೊತ್ತಾಯಿತು. ಎದ್ದು ಕೂರಲು ಹೋದಳು. ಕೋಣೆ ತಿರುಗಿತು.

ಕೆಳಗೆ ಪಂಪು ಸುಟ್ಟಿತ್ತು. ವಿದ್ಯುತ್ತಿನವನು ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಮುಂದಿನ ನೀರು ಎಷ್ಟು ಹೊತ್ತಿಗೆ ತರಲಿ ಎಂದು ಕೇಳಲು ಲಾರಿಯವನು ಅದೇ ನಂಬರಿಗೆ ಮಾಡಿದ. ಹಿರಿಯ ನರ್ಸೂ ಅದೇ ನಂಬರ್ ಒತ್ತಿ, ಅರ್ಧಕ್ಕೇ ನೆನಪಾಗಿ, ಫೋನ್ ಕೆಳಗಿಟ್ಟರು. ಫೋನು ತಾರಸಿಯ ಮೊಳೆಯಲ್ಲಿ ನೇತಾಡುವ ಚೀಲದೊಳಗೆ ಬಡಿದುಕೊಳ್ಳುತ್ತಿತ್ತು. ಹೆಂಗಸರ ಚೀಲಕ್ಕೆ ಹೇಗೆ ಕೈ ಹಾಕುವುದು ಎಂದು ಮೇಸ್ತ್ರಿ ಅದರ ಎದುರು ಕೈ ಕಟ್ಟಿ ನಿಂತಿದ್ದ. ಕೊನೆಗೆ ತಮ್ಮನನ್ನು ಯಾರೋ ಕರೆಸಿದರು. ಅವನು ಓಡುತ್ತಾ ಬಂದು ಚೀಲ ಬಿಚ್ಚಿ ಫೋನ್ ತೆಗೆದು ನೋಡಿದ. ಇಡೀ ಕೆಲಸ ಆ ಒಂದು ಫೋನಿನೊಳಗೆ ಕೂತಿತ್ತು. ಅದನ್ನು ಹಿಡಿದೇ ಎರಡನೇ ಮಹಡಿಗೆ ಇಳಿದ.

ಬಾಣಂತಿಯರ ಕೋಣೆಯ ಬಾಗಿಲಲ್ಲಿ ಹಿರಿಯ ನರ್ಸ್ ಅವನನ್ನು ತಡೆದರು. "ತಾಯಂದಿರು ಹಾಲು ಕುಡಿಸ್ತಿದ್ದಾರೆ. ಗಂಡಸರು ಒಳಗೆ ಬರೋ ಹಾಗಿಲ್ಲ."

ಅವನು ಪರದೆಯ ಆಚೆಯಿಂದಲೇ ಕೂಗಿದ. "ಅಕ್ಕಾ, ಪಂಪು ಹೋಯ್ತು. ಏನು ಮಾಡ್ಲಿ?"

"ಬರೆದಿದೆಯಲ್ಲೋ," ಎಂದಳು ಅಕ್ಕ. ದನಿ ಏಳುತ್ತಿರಲಿಲ್ಲ. ಪಕ್ಕದ ಅಜ್ಜಿ ಅದನ್ನೇ ಗಟ್ಟಿಯಾಗಿ ಹೇಳಿದರು: "ಬರೆದಿದೆಯಂತೆ ಕಣಪ್ಪ."

"ಎಲ್ಲಿ ಬರೆದಿದೆ?"

"ನೀನು ಸಹಿ ಹಾಕಿದ್ದೀಯಲ್ಲ, ಅದರಲ್ಲಿ."

ಹಾಲು ಕುಡಿಸುತ್ತಿದ್ದ ಒಬ್ಬಳು ಬಾಣಂತಿ ನಗು ತಡೆಯಲಾರದೆ ಮಗುವಿನ ತಲೆಯ ಮೇಲೆ ಮುಖ ಇಟ್ಟಳು. ಅಕ್ಕ ಡ್ರಿಪ್ಪಿನ ಸೂಜಿಯ ಕಡೆ ಕೈ ಒಯ್ದಳು. ಹಿರಿಯ ನರ್ಸ್ ಆ ಕೈಯನ್ನು ಹಿಡಿದು ಹಾಸಿಗೆಗೆ ಒತ್ತಿದರು.

"ಮಲಗಮ್ಮ. ಆ ಹಾಳೆ ನನ್ನ ಗೋಡೆ ಮೇಲಿದೆ. ನಾವಿಬ್ಬರೂ ಕೂತು ಮಾಡಿದ್ದಲ್ಲವಾ ಅದು? ನನಗೆ ಓದೋಕೆ ಬರುತ್ತೆ."

ನರ್ಸ್ ಓದಿ ಹೇಳಿದರು, ತಮ್ಮ ಓಡಾಡಿದ. ಬಟ್ಟೆ ಒಗೆಯುವ ಕಡೆ ನೀರು ಬಂದ್ ಆಯಿತು. ಲಾರಿ ಬಂದು ಕೆಳ ಮಹಡಿಗೆ ನೀರು ಕೊಟ್ಟಿತು. ಪಂಪಿನ ಅಂಗಡಿಯವನು ಫೋನ್ ಎತ್ತಲಿಲ್ಲ. ಮೇಸ್ತ್ರಿಯನ್ನು ಬೈಕಿನಲ್ಲಿ ತಮ್ಮ ಅಲ್ಲಿಗೇ ಅಟ್ಟಿದ. ಅಷ್ಟರಲ್ಲಿ ತುರ್ತಾಗಿ ಒಬ್ಬಳು ಗರ್ಭಿಣಿಯನ್ನು ಕರೆತಂದರು. ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಆಗಲೇಬೇಕು. ಅದನ್ನು ಮುಂದೂಡುವುದು ಯಾವ ಹಾಳೆಯಿಂದಲೂ ಆಗುವ ಮಾತಲ್ಲ. ಆಪರೇಷನ್ ಕೋಣೆಯ ಡ್ರಮ್ಮುಗಳ ಮುಚ್ಚಳ ತೆಗೆದರು.

ಆ ನೀರು ಸಾಲದಿದ್ದರೆ ಎಂಬ ಭಯಕ್ಕೆ ತಮ್ಮ, ಟ್ಯಾಂಕು ಇಳಿಸುತ್ತಿದ್ದವರನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ಲಾರಿಯಿಂದ ಬಿಂದಿಗೆ, ಬಕೆಟ್ಟು ಕೈಯಿಂದ ಕೈಗೆ ದಾಟಿಸಿದ. ತಾನೂ ಸಾಲಿನಲ್ಲಿ ನಿಂತ. ಇಸ್ತ್ರಿ ಅಂಗಿ ಮೈಗೆ ಅಂಟಿತು. ಮಂಚದ ಮೇಲಿದ್ದ ಅಕ್ಕನಿಗೆ ಬಕೆಟ್ಟಿನ ಹಿಡಿಕೆಯ ಸದ್ದು, ನೀರು ತುಳುಕುವ ಸದ್ದು ಕೇಳಿಸುತ್ತಿತ್ತು. ಎದ್ದು ಹೋಗಿ ನೋಡುವ ಹಾಗಿಲ್ಲ. ಯಾರಾದರೂ ಜಾರಿ ಬಿದ್ದರೆ? ಮೆಟ್ಟಿಲ ಮೇಲೆ ಗೋಣಿ ಹಾಸಬೇಕಿತ್ತು ಎಂದುಕೊಂಡಳು. ಹೇಳಿಸೋಣವೆಂದರೆ ನರ್ಸ್ ಆಪರೇಷನ್ ಕೋಣೆಯೊಳಗೆ ಹೋಗಿದ್ದರು. ಅವಳು ಮಾಡಿಸುತ್ತಿದ್ದ ಕೆಲಸವೊಂದು ಅವಳಿಲ್ಲದೆ ನಡೆಯುತ್ತಿದ್ದದ್ದು ಅದೇ ಮೊದಲು. ಯಾರೂ ಜಾರಿ ಬೀಳಲಿಲ್ಲ.

ಮಗು ಉಳಿಯಿತು, ತಾಯಿಯೂ ಉಳಿದಳು. ಸಂಜೆಯ ಹೊತ್ತಿಗೆ ಮೇಸ್ತ್ರಿ ಬೇರೆ ಪಂಪು ತಂದು ಕೂರಿಸಿದ. ಮೂಲೆಯ ನಲ್ಲಿ ಮತ್ತೆ ಕೆಮ್ಮಿ ನೀರು ಬಿಟ್ಟಿತು. ತಾತ್ಕಾಲಿಕ ಟ್ಯಾಂಕಿನ ತಳದಲ್ಲಿ ಉಳಿದುಹೋಗಿದ್ದ ಒಂದು ಪ್ಲಾಸ್ಟಿಕ್ ಚೂರು ಪಂಪಿನ ಬಾಯಿಗೆ ಸಿಕ್ಕಿ ಮೋಟರು ಸುಟ್ಟಿದ್ದೆಂದು ಆಮೇಲೆ ಗೊತ್ತಾಯಿತು. ಆ ಚೂರು ಅಕ್ಕನಿಗೂ ಹೊಳೆದಿರಲಿಲ್ಲ. ಯಾವುದರಿಂದ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ನಿಂತರೆ ಏನು ಮಾಡಬೇಕು ಎಂಬುದಷ್ಟೇ ಗೊತ್ತಿತ್ತು.

ಟ್ಯಾಂಕು ಕೂತು ಕೆಲಸ ಮುಗಿದ ದಿನ ತಮ್ಮನೊಬ್ಬನೇ ಆಡಳಿತಾಧಿಕಾರಿಯ ಕೋಣೆಗೆ ಹೋದ. "ಎಲ್ಲಾ ಸುಸೂತ್ರವಾಗಿ ಆಯ್ತಲ್ಲ," ಎಂದರು, ಪಂಪು ಸುಟ್ಟ ದಿನ ಊರಲ್ಲಿಲ್ಲದಿದ್ದ ಅವರು. "ನಿಮ್ಮಕ್ಕ ಸುಮ್ಮನೆ ಹೆದರಿಸಿದರು."

ಅವನ ಭುಜ ಇನ್ನೂ ನೋಯುತ್ತಿತ್ತು. "ನೀರು ನಿಂತಿತ್ತು ಸಾರ್. ನಿಮಗೆ ಗೊತ್ತಾಗದ ಹಾಗೆ ನಿಂತಿತ್ತು, ಅಷ್ಟೆ."

ಆಡಳಿತಾಧಿಕಾರಿಗೆ ಅದು ತಮಾಷೆಯ ಹಾಗೆ ಕೇಳಿಸಿತು. ನಕ್ಕು ಕೈ ಕುಲುಕಿ ಕಳಿಸಿದರು. ತಮ್ಮ ಇದನ್ನು ಅಕ್ಕನ ಮನೆಗೆ ಬಂದು ಹೇಳಿದಾಗ ಅವಳಿಗೆ ಸಿಟ್ಟೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಹೊದಿಕೆ ಸರಿಮಾಡಿಕೊಂಡಳು. ಜ್ವರ ಬಿಟ್ಟಿದ್ದರೂ ಸುಸ್ತು ಬಿಟ್ಟಿರಲಿಲ್ಲ. ಅದು ಬರೀ ಜ್ವರದ ಸುಸ್ತಲ್ಲ ಎಂದು ಗಂಡ ತಮ್ಮನ ಎದುರಿಗೇ ಹೇಳಿದ.

ಹೊಸ ಕೆಲಸದ ನಕ್ಷೆಯನ್ನೂ ತಮ್ಮ ತಂದಿದ್ದ. ಒಂದು ಶಾಲೆಯದು. ಎಂದಿನಂತೆ ಅದನ್ನು ಅವಳ ಮುಂದೆ ಬಿಡಿಸಲು ಹೋದ.

"ನನ್ನ ಮುಂದೆ ಹಾಕಬೇಡ," ಎಂದಳು. "ಹೊರಗೆ ಕೂತು ನೀನೇ ಯೋಚನೆ ಮಾಡು. ಏನೇನು ಕೆಡಬಹುದು, ಕೆಟ್ಟರೆ ಯಾರು ಏನು ಮಾಡಬೇಕು, ಎಲ್ಲಾ ಬರಿ. ಒಂದೊಂದಕ್ಕೂ ಇಬ್ಬರ ಹೆಸರು ಇರಬೇಕು. ನನ್ನ ಹೆಸರು ಎಲ್ಲಾದರೂ ಒಂದು ಕಡೆ ಇರಲಿ, ಎಲ್ಲಾ ಕಡೆ ಬೇಡ."

"ನನಗೆ ಅದೆಲ್ಲ ಬರಲ್ಲ ಅಕ್ಕ. ನನ್ನ ತಲೆ ಹಾಗೆ ಓಡಲ್ಲ."

"ನನ್ನದೂ ಹುಟ್ಟಿದಾಗಿನಿಂದ ಓಡ್ತಿರಲಿಲ್ಲ. ಹೋಗು."

ಅವನು ಹೋಗಿ ಹೊರಕೋಣೆಯಲ್ಲಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿಗೆ ಫೋನ್ ಮಾಡಿದ್ದು ಕೇಳಿಸಿತು. ಗೋಡೆ ಒಡೆದಾಗ ವಿದ್ಯುತ್ ತಂತಿ ಸಿಕ್ಕರೆ ಏನು ಮಾಡೋದು, ಯಾರನ್ನ ಕರೆಯೋದು ಎಂದು ತಡವರಿಸುತ್ತಾ ಕೇಳುತ್ತಿದ್ದ. ಮಕ್ಕಳು ಆಟಕ್ಕೆ ಬಿಡುವ ಹೊತ್ತು, ಅಗೆದ ಗುಂಡಿ, ಅದರ ಸುತ್ತ ಕಟ್ಟಬೇಕಾದ ತಡೆ ಇವು ಯಾವುದೂ ಅವನ ಮಾತಿನಲ್ಲಿ ಬರಲಿಲ್ಲ. ಎದ್ದು ಹೋಗಿ ಹೇಳಲೇ ಎಂದು ಅಕ್ಕ ಒಂದು ಕಾಲನ್ನು ಮಂಚದಿಂದ ಕೆಳಗಿಳಿಸಿದಳು. ನೆಲ ತಣ್ಣಗಿತ್ತು. ನಾಳೆ ಹೇಳಿದರಾಯಿತು, ಕೆಲಸ ಇನ್ನೂ ಶುರುವಾಗಿಲ್ಲವಲ್ಲ ಎಂದುಕೊಂಡು, ಕಾಲು ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.