ಎಡಗೈ ಅಕ್ಷರ

ಕಾರ್ತಿಕದ ಎರಡು ಮಧ್ಯಾಹ್ನ, ನಾಲ್ಕನೇ ತರಗತಿಯ ಹತ್ತೊಂಬತ್ತು ಮಕ್ಕಳ ಇಂಗ್ಲಿಷ್ ಅಭ್ಯಾಸ ಪುಸ್ತಕಗಳನ್ನು ಇಬ್ಬರು ಶಿಕ್ಷಕರು ಕೂತು ಬರೆದು ತುಂಬಿದರು. ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದರು.

ಬರೆದವರಲ್ಲಿ ಒಬ್ಬಳು ಪ್ರೇಮಲತಾ. ಹೊನ್ನಾಳಿಯಿಂದ ಎಂಟು ಗಂಟೆಯ ಬಸ್ಸಿಗೆ ನ್ಯಾಮತಿ ತಾಲ್ಲೂಕಿನ ಈ ಊರಿಗೆ ಬಂದುಹೋಗುವ ಅತಿಥಿ ಶಿಕ್ಷಕಿ. ಅತಿಥಿಯೆಂದು ಉಪಚಾರವೇನೂ ಇಲ್ಲ. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಕಳಿಸುತ್ತಾರೆ. ಮತ್ತೆ ಕರೆಯಬೇಕೋ ಬೇಡವೋ ಎಂಬುದು ಹೆಡ್‌ಮಾಸ್ತರು ಗುರುಬಸವರಾಜ್ ಬರೆಯುವ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಪುಸ್ತಕ ತುಂಬಿದ ಇನ್ನೊಬ್ಬರು ಅವರೇ.

ಸೋಮವಾರ ಮೇಲಿನಿಂದ ತಪಾಸಣೆಯ ತಂಡ ಬರುವುದಿತ್ತು. ಮಕ್ಕಳು ಇಂಗ್ಲಿಷ್ ಓದುತ್ತಾರೆಯೇ, ಬರೆಯುತ್ತಾರೆಯೇ, ಮಾತಾಡುತ್ತಾರೆಯೇ ಎಂದು ನೋಡಲು. ಜೂನ್‌ನಲ್ಲಿ ಬರಬೇಕಿದ್ದ ಅಭ್ಯಾಸ ಪುಸ್ತಕ ಅಕ್ಟೋಬರಿನಲ್ಲಿ ಬಂದಿತ್ತು. ತಂಡ ಮಾತ್ರ ಹೇಳಿದ ದಿನಕ್ಕೆ ತಪ್ಪದೆ ಬರುತ್ತದೆ.

"ಎಡಗೈಲಿ ಬರೀರಿ ಮೇಡಂ," ಎಂದರು ಗುರುಬಸವರಾಜ್. "ಬಲಗೈಲಿ ಬರೆದ್ರೆ ಟೀಚರ್ ಅಕ್ಷರ ಅಂತ ಬಾಗಿಲಲ್ಲೇ ಗೊತ್ತಾಗ್ತೈತೆ. ಒಂದೊಂದು ಪುಟಕ್ಕೆ ಎರಡು ತಪ್ಪೂ ಇರ್ಲಿ. ಎಲ್ಲಾ ಸರಿ ಇದ್ರೆ ಅನುಮಾನ ಬರ್ತೈತೆ."

"ಎಂಥ ತಪ್ಪು ಸರ್?"

"ಮಕ್ಳು ಮಾಡೋ ಅಂಥವು. ಅದನ್ನೂ ಹೇಳ್ಕೊಡಬೇಕಾ?"

ಬರೆದಳು. ಮೊದಲ ಪುಸ್ತಕದಲ್ಲಿ ಅಕ್ಷರ ಸೊಟ್ಟ ಬಿದ್ದವು. ಸೊಟ್ಟ ಬಿದ್ದದ್ದೇ ಚೆನ್ನಾಗಿದೆ ಎಂದರು ಅವರು. ಏಳನೆಯದಕ್ಕೆ ಬರುವಷ್ಟರಲ್ಲಿ ಎಡಗೈ ಪಳಗಿತ್ತು. ತಪ್ಪು ತಾನಾಗೇ ಬೀಳುತ್ತಿತ್ತು, ಬಿದ್ದದ್ದು ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ಬಿಸಿಯೂಟದ ಬೊಮ್ಮಕ್ಕ ಟೀ ತಂದಿಟ್ಟು ಬಗ್ಗಿ ನೋಡಿದಳು.

"ಏನ್ರಿ ಮೇಡಂ, ಈ ವಯಸ್ನಾಗೆ ನಾಕ್ನೇ ಕ್ಲಾಸಿಗೆ ಸೇರ್ಕಂಡ್ರಾ? ನೋಡ್ರಿ ಮತ್ತೆ, ಫೇಲಾದ್ರೆ ಊಟ ಹಾಕಲ್ಲ ನಾನು."

ಗುರುಬಸವರಾಜ್ ನಕ್ಕರು. ಪ್ರೇಮಲತಾ ನಗೋಣ ಎಂದುಕೊಂಡಳು. ನಗು ಬರಲಿಲ್ಲ.

ಶುಕ್ರವಾರ ಪುಸ್ತಕ ಹಂಚಿದರು. ತಂಡ ಕೇಳಿದರೆ ಅವರವರ ಪುಸ್ತಕ ಅವರವರಿಗೆ ಗುರುತಾಗಬೇಕಲ್ಲ.

ಮೂರೂವರೆಗೆ ಓದುವ ಪಿರಿಯಡ್. ಅಕ್ಷರವೇ ಹತ್ತದ ಆರು ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಜುಲೈಯಿಂದ ಪ್ರೇಮಲತಾ ನಡೆಸಿಕೊಂಡು ಬಂದಿದ್ದಳು. ಯಾರೂ ಮಾಡಿ ಎಂದಿರಲಿಲ್ಲ. ಆರರಲ್ಲಿ ಒಬ್ಬಳು ಇಲ್ಮಾ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮೂರನೆಯದು ಈ ಇಂಗ್ಲಿಷ್. ಇಡೀ ಪಾಠವನ್ನು ಗಂಟಲು ಬಿಟ್ಟು ಹೇಳುತ್ತಾಳೆ, ಬೆರಳು ಮಾತ್ರ ಸಾಲಿನ ಮೇಲೆ ಎಲ್ಲೋ ಅಲೆಯುತ್ತಿರುತ್ತದೆ. ಬಾಯಿ ಒಂದು ಕಡೆ, ಬೆರಳು ಒಂದು ಕಡೆ. ಸೋಪಿನ ಕವರು, ಬಿಸ್ಕತ್ತಿನ ಪೊಟ್ಟಣ ಹಿಡಿದು ಅದರ ಮೇಲಿನ ಇಂಗ್ಲಿಷ್ ಓದಿಸುತ್ತ ಕೂತು ಕೂತು, ದಸರಾ ರಜೆ ಮುಗಿದ ಮೇಲೆ ನಾಲ್ಕು ಪದಗಳಲ್ಲಿ ಬಾಯಿ, ಬೆರಳು ಎರಡೂ ಒಂದೇ ಕಡೆ ನಿಂತಿದ್ದವು. ನಾಲ್ಕೇ ಪದ.

ಆವತ್ತು ಇಲ್ಮಾ ಪುಸ್ತಕ ತೆರೆದು ಒಂದೊಂದೇ ಪುಟ ಮಗುಚಿದಳು. ಎಲ್ಲ ಪುಟವೂ ತುಂಬಿತ್ತು. ಮೊದಲ ಹಾಳೆಯಲ್ಲಿದ್ದ ತನ್ನ ಹೆಸರನ್ನು ಇನ್ನೊಮ್ಮೆ ನೋಡಿಕೊಂಡಳು. ಎದ್ದು ಬಂದು ಪುಸ್ತಕವನ್ನು ಪ್ರೇಮಲತಾಳ ತೊಡೆಯ ಮೇಲಿಟ್ಟಳು.

"ಮಿಸ್, ನಾನು ಇಲ್ಲಿ ಏನ್ ಬರ್ದೀನಿ?"

'ಮೈ ಮದರ್' ಎಂಬ ಪುಟ. ಪ್ರೇಮಲತಾ ಓದಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು: "ನನ್ನ ತಾಯಿ ಗೃಹಿಣಿ. ಅವಳು ಮನೆಯಲ್ಲಿರುತ್ತಾಳೆ. ನಮಗೆ ರುಚಿಯಾದ ಅಡುಗೆ ಮಾಡುತ್ತಾಳೆ." ಹತ್ತೊಂಬತ್ತು ಪುಸ್ತಕಗಳಲ್ಲೂ ಅದೇ ತಾಯಿ.

ಇಲ್ಮಾ ತಲೆ ಅಲ್ಲಾಡಿಸಿದಳು.

"ಅಮ್ಮಿ ಮನೇಲಿರಲ್ಲ ಮಿಸ್. ಚನ್ನಗಿರಿ ಕಡೆ ಅಡಿಕೆ ಸುಲಿಯಾಕೆ ಹೋಗ್ತಾಳೆ, ಟೆಂಪೋದಾಗೆ. ಬರಾದು ಕತ್ಲಾಗ್ತೈತೆ. ಅನ್ನ ಮಾಡಾದು ನಾನು."

"ಗೊತ್ತು."

"ಮತ್ತೆ ನಾನ್ಯಾಕೆ ಹಿಂಗೆ ಬರ್ದೆ?"

ಪ್ರೇಮಲತಾ ಪುಸ್ತಕವನ್ನು ಅವಳ ಕೈಗೆ ವಾಪಸ್ ಕೊಟ್ಟಳು. ಎಡಗೈ ಎರಡು ದಿನದಿಂದ ಜೋಮು ಹಿಡಿದಂತಿತ್ತು; ಆ ಜೋಮು ಮೇಲಕ್ಕೆ ಹತ್ತಿ ಹತ್ತಿ ಎಲ್ಲಿಗೆ ಬಂದು ನಿಂತಿದೆಯೋ ತಿಳಿಯಲಿಲ್ಲ.

ಇಲ್ಮಾ ಜಾಗಕ್ಕೆ ಹೋಗಿ ರಬ್ಬರ್ ತೆಗೆದಳು. ಉಜ್ಜಿದಳು. ಹಾಳೆ ಒಂದು ಕಡೆ ಹರಿಯಿತು, ಬಿಡಲಿಲ್ಲ. ಪುಟವೆಲ್ಲ ಬೂದಿ ಬಣ್ಣವಾದ ಮೇಲೆ ಪೆನ್ಸಿಲ್ ಹಿಡಿದು, "ಅಮ್ಮಿ ಅಂತ ಇಂಗ್ಲಿಷ್‌ನಾಗೆ ಹೆಂಗೆ ಮಿಸ್?" ಎಂದಳು. ಪ್ರೇಮಲತಾ ಬಾಯಲ್ಲಿ ಹೇಳಿದಳು, ಕೈಯಲ್ಲಿ ಬರೆದು ತೋರಿಸಲಿಲ್ಲ. ಒಂದೊಂದು ಅಕ್ಷರಕ್ಕೂ ಇಲ್ಮಾ ನಿಂತು ನೆನೆಸಿಕೊಂಡಳು. ಆ ಒಂದು ಪದ ಮುಗಿಯುವಾಗ ಬೆಲ್ ಹೊಡೆಯಿತು. ಇಲ್ಮಾ ಅದರ ಮೇಲೆ ಬೆರಳಿಟ್ಟು ಓದಿದಳು. ಐದನೇ ಪದ.

ಮಕ್ಕಳು ಹೋದ ಮೇಲೆ, ವಾಪಸ್ ಪಡೆದ ಪುಸ್ತಕಗಳನ್ನು ಜೋಡಿಸುತ್ತಿದ್ದ ಗುರುಬಸವರಾಜ್ ಆ ಪುಟ ನೋಡಿದರು.

"ಯಾರು ಇದು, ಚಮನಬಿ ಮಗಳು ಇಲ್ಮಾನಾ?"

"ಹೂಂ ಸರ್."

"ನೀವು ಅಲ್ಲೇ ಇದ್ರಿ?"

"ಇದ್ದೆ."

ಅವರು ಬೀರು ತೆಗೆದು ಒಂದು ಖಾಲಿ ಪುಸ್ತಕ ಹುಡುಕಿ ಮೇಜಿನ ಮೇಲಿಟ್ಟರು. ಅದರ ಮೇಲೆ ಪೆನ್ಸಿಲ್ ಇಟ್ಟರು. "ಮೊದಲಿಂದ ಬರೆದುಬಿಡ್ರಿ. ಐದೂವರೆ ಬಸ್ಸಿಗೆ ಬಿಡ್ತೀನಿ. ಹಂಗೇ ರಿಜಿಸ್ಟರ್‌ನಾಗೆ ಆ ಆರು ಮಕ್ಳ ಮುಂದೆ 'ಓದುತ್ತಾರೆ' ಅಂತ ತುಂಬಿ. ಸೋಮವಾರದಿಂದ ನಿಮ್ಮ ಜಗುಲಿ ಕ್ಲಾಸೂ ಬೇಡ."

"ಯಾಕೆ ಸರ್?"

"ಎಲ್ಲಾ ಓದ್ತಾರೆ ಅಂತ ಬರೆದ ಮೇಲೆ, ಓದಾಕೆ ಬರದೋರನ್ನ ಜಗುಲೀಲಿ ಕೂರಿಸ್ಕಂಡ್ರೆ ನೋಡಿದೋರು ಏನಂತಾರೆ?"

ಮುಂದಿನ ವರ್ಷ ಆ ಮಕ್ಕಳಿಗೆ ಐದನೇ ತರಗತಿ. ಅಲ್ಲಿ ಅಕ್ಷರದಿಂದ ಶುರು ಮಾಡುವವರು ಯಾರೂ ಇಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ನನಗೇನು ಇದು ಖುಷಿ ಅಂದ್ಕಂಡ್ರಾ," ಎಂದರು ಗುರುಬಸವರಾಜ್, ಕುರ್ಚಿಯಲ್ಲಿ ಕೂರುತ್ತ. "ಜಗಳೂರು ಕಡೆ ಇದ್ದಾಗ ಒಂದ್ಸಲ ಇದ್ದಿದ್ದನ್ನ ಇದ್ದಂಗೆ ಬರೆದೆ. ಮಕ್ಳಿಗೆ ಟೀಚರ್ ಬರಲಿಲ್ಲ, ನನಗೆ ನೋಟಿಸ್ ಬಂತು. ಜೂನ್‌ನಾಗೆ ನಿಮ್ಮ ಹೆಸರು ಕಳಿಸೋನು ನಾನೇ ಅಲ್ವಾ? ಒಳ್ಳೇದಾಗಲಿ ಅಂತ ಹೇಳ್ತಿರೋದು."

ಪ್ರೇಮಲತಾ ಕೂತಳು. ಖಾಲಿ ಪುಸ್ತಕದ ಮೊದಲ ಹಾಳೆಯಲ್ಲಿ ಹೆಸರು ಎಂದು ಅಚ್ಚಾಗಿದ್ದ ಕಡೆ ಪೆನ್ಸಿಲ್ ಇಟ್ಟಳು, ಎಡಗೈಯಲ್ಲಿ. ಬೆರಳು ಬಾಗಲಿಲ್ಲ. ಹೊರಗೆ ಬೊಮ್ಮಕ್ಕ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಪೆನ್ಸಿಲನ್ನು ಕೆಳಗಿಟ್ಟಳು. ಇಲ್ಮಾಳ ಪುಸ್ತಕ ಎಳೆದುಕೊಂಡು, ಆ ಬೂದಿ ಪುಟ ಮೇಲೆ ಕಾಣುವಂತೆ ತೆರೆದು, ಉಳಿದ ಹದಿನೆಂಟು ಪುಸ್ತಕಗಳ ಮೇಲೆ ಇಟ್ಟಳು.

"ಕೈ ನೋಯ್ತೈತಾ?" ಎಂದರು ಗುರುಬಸವರಾಜ್. "ಹೋಗ್ಲಿ, ಬಲಗೈಲೇ ಬರೀರಿ. ಒಂದು ಪುಸ್ತಕ ತಾನೆ, ಯಾರು ನೋಡ್ತಾರೆ."

"ಇಲ್ಲ ಸರ್."

"ಏನಿಲ್ಲ?"

"ಬರೆಯಲ್ಲ ಸರ್. ರಿಜಿಸ್ಟರೂ ತುಂಬಲ್ಲ," ಎಂದಳು ಪ್ರೇಮಲತಾ. "ಸೋಮವಾರ ಮೂರೂವರೆಗೆ ಜಗುಲೀಲಿ ಇರ್ತೀನಿ. ಆರು ಮಕ್ಳೂ ಇರ್ತಾರೆ."